ದರ್ಶನಕ್ಕೆ ಮೊದಲು ನೀರಿಲ್ಲ

ತೇರದಾಳಕ್ಕೆ ಹೊರಟವರಿಗೆ ಬೆಳಗಿನ ಬಿಸಿಲು ಬೆನ್ನಿಗಿರಬೇಕು, ಮುಖಕ್ಕಲ್ಲ. ಮುಧೋಳ ಬಿಟ್ಟು ಲೋಕಾಪುರದ ದಾರಿ ಹಿಡಿದ ಸ್ವಲ್ಪ ಹೊತ್ತಿಗೇ ಪದ್ಮವ್ವ ಅದನ್ನು ಕಂಡುಹಿಡಿದಳು. “ಹೊತ್ತು ಕಣ್ಣಿಗೇ ಹೊಡ್ಯಾಕತ್ತೈತಲ್ಲೋ ಭೂಪಾ. ತೇರದಾಳಕ್ಕ ಹೋಗೂ ಮುಂದ ಹಿಂಗ ಹೊಡೀತಿದ್ದಿಲ್ಲ” ಎಂದಳು. ಕಾರು ನಡೆಸುತ್ತಿದ್ದ ಭೂಪಾಲ ಅವಳ ಮುಂದಿನ ಬಿಸಿಲು ತಡೆಯುವ ಹಲಗೆಯನ್ನು ಕೆಳಗಿಳಿಸಿದ. ಗ್ಯಾಸು ತಿರುವಿ ಕಡ್ಡಿ ಕೊರೆಯುವುದನ್ನು ಮರೆಯುವವಳು, ಗಂಡ ತೀರಿ ಇಪ್ಪತ್ತು ವರ್ಷವಾದದ್ದನ್ನು ಮರೆತು ಸಂಜೆಗೊಮ್ಮೆ ಬಾಗಿಲಲ್ಲಿ ನಿಂತು ಕಾಯುವವಳು, ಸೂರ್ಯ ಎಲ್ಲಿರಬೇಕು ಎಂಬುದನ್ನು ಮಾತ್ರ ಮರೆತಿಲ್ಲವಲ್ಲ ಎಂದು ಅವನಿಗೆ ಸಿಟ್ಟೇ ಬಂತು. “ಆ ಕಡೆ ರಸ್ತಾ ಕಿತ್ತಾರ ದೊಡ್ಡವ್ವ, ಸುತ್ತು ಹಾಕಿ ಹೊಂಟೇವಿ” ಎಂದ. ಅವಳು ನಂಬಿದಳು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಅಕ್ಕಿಯ ಗಂಟನ್ನು ಇನ್ನೊಂದು ಸಲ ಮುಟ್ಟಿ ನೋಡಿಕೊಂಡಳು.

ನಿಜವಾಗಿ ಅವರು ಹೊರಟದ್ದು ಬೀಳಗಿಯ ಆಚೆ, ಮುಳುಗಡೆಯಾದ ಊರಿನವರಿಗಾಗಿ ಕಟ್ಟಿದ ಪುನರ್ವಸತಿ ಕೇಂದ್ರವೊಂದರಲ್ಲಿ ನಡೆಯುತ್ತಿದ್ದ ವೃದ್ಧರ ಆಶ್ರಯಮನೆಗೆ. ಮರೆವಿನ ರೋಗದವರನ್ನೂ ಇಟ್ಟುಕೊಳ್ಳುತ್ತಾರೆ, ಆದರೆ ಒಮ್ಮೆ ಕರೆತಂದು ತೋರಿಸಬೇಕು ಎಂದಿದ್ದರು. ಹೇಗೆ ಕರೆದೊಯ್ಯುವುದು? ದವಾಖಾನೆ ಎಂದರೆ ಬಾಗಿಲ ಚೌಕಟ್ಟು ಹಿಡಿದು ಅಳುತ್ತಾಳೆ. ಊರು ಎಂದರೆ ಯಾವ ಊರು ಎಂದು ಕೇಳುತ್ತಾಳೆ. ತೇರದಾಳದ ಬಸದಿ ಎಂದ ಕೂಡಲೇ ಎದ್ದು ತಾನೇ ಜಳಕ ಮಾಡಿದಳು, ಪೆಟ್ಟಿಗೆಯಿಂದ ಬಿಳಿ ಸೀರೆ ತೆಗೆದಳು, ಎಷ್ಟೋ ತಿಂಗಳ ನಂತರ ಯಾರ ಸಹಾಯವೂ ಇಲ್ಲದೆ ನೆರಿಗೆ ಹಿಡಿದಳು. ಸುಳ್ಳು ಇಷ್ಟು ಸಲೀಸಾಗಿ ಕೆಲಸ ಮಾಡಿತಲ್ಲ ಎಂದು ಭೂಪಾಲ ಹಿಗ್ಗುತ್ತಿರುವಾಗಲೇ ಅವನ ಹೆಂಡತಿ ಕ್ಷಮಾ ಉಪ್ಪಿಟ್ಟಿನ ತಾಟು ಹಿಡಿದುಕೊಂಡು ಹೊರಬಂದಳು. “ದರ್ಶನ ಆಗದ ನಾ ಎಂದರ ನೀರ ಮುಟ್ಟೇನೇನ?” ಎಂದು ಪದ್ಮವ್ವ ಅವಳನ್ನು ಗದರಿಸಿದಳು. ಜೈನರ ಮನೆಯಲ್ಲೇ ಹುಟ್ಟಿ ಬೆಳೆದ ಭೂಪಾಲನಿಗೆ ಇಷ್ಟು ಹೊಳೆಯಬಾರದಿತ್ತೆ? ಹೊಳೆದಿರಲಿಲ್ಲ. ಸಂಜೆ ಹೊತ್ತು ಮುಳುಗಿದ ಮೇಲೆ ಲೋಕಾಪುರದ ಧಾಬಾದಲ್ಲಿ ಕಾಲೇಜಿನವರ ಜೊತೆ ಕೂತು ಉಳ್ಳಾಗಡ್ಡಿ ಕಚ್ಚಿಕೊಂಡು ಊಟ ಮಾಡುವುದು ರೂಢಿಯಾದವನಿಗೆ ಅಂಥವೆಲ್ಲ ಹೊಳೆಯುವುದು ನಿಂತು ಬಹಳ ವರ್ಷಗಳಾಗಿದ್ದವು. ಕ್ಷಮಾ ತಾಟನ್ನು ಹಾಗೇ ಒಳಗೊಯ್ಯುತ್ತ, “ಸಕ್ಕರಿ ರೋಗದ ಗುಳಗಿನೂ ತುಗೊಂಡಿಲ್ಲ. ನೀವು ಹೇಳಿದ ಮಾತು, ನೀವೇ ನೋಡ್ಕೋರಿ” ಎಂದಳು. ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದಳು: “ಬಿಟ್ಟು ಬರ್ರಿ ಅಂತ ನಾ ಹೇಳಾಂಗಿಲ್ಲ. ಆದ್ರ ಬಿಟ್ಟು ಬಂದ್ರ ಯಾಕ ಬಿಟ್ರಿ ಅಂತನೂ ಕೇಳಾಂಗಿಲ್ಲ.” ಅವಳ ಮುಂಗೈ ಮೇಲೆ ಪದ್ಮವ್ವನ ಉಗುರಿನ ಗೀರು ಇನ್ನೂ ಹಸಿಯಾಗಿತ್ತು.

ಲೋಕಾಪುರದಲ್ಲಿ ಕಾರು ನಿಲ್ಲಿಸಿ ಎಳನೀರು ಕೊಡಿಸಿದ. ಅವಳು ತುಟಿ ಬಿಗಿದು ತಲೆ ಅಲ್ಲಾಡಿಸಿದಳು. ಮಾರ್ಚಿ ತಿಂಗಳ ಬಿಸಿಲು, ಅವಳ ತುಟಿಯ ಮೇಲೆ ಬಿಳಿ ಕಟ್ಟಿತ್ತು. ಎಳನೀರಿನವ ಇಬ್ಬರನ್ನೂ ನೋಡಿ, “ಅಜ್ಜಿ ನಿಮ್ಮ ಮ್ಯಾಲ ಸಿಟ್ಟಾಗ್ಯಾರೇನ್ರಿ ಸರ?” ಎಂದು ನಕ್ಕ. ಭೂಪಾಲ ಆ ಎಳನೀರನ್ನು ತಾನೇ ಕುಡಿದ, ಅವಳ ಕಣ್ಣೆದುರಿಗೇ, ಬೇಕಂತಲೇ ಗಟಗಟ ಸದ್ದು ಮಾಡಿ. ಆಸೆಯಾಗಿಯಾದರೂ ಕುಡಿಯಲಿ ಎಂದು. ಹುಡುಗನಿದ್ದಾಗ ಅವಳು ಹೀಗೇ ಮಾಡುತ್ತಿದ್ದಳಲ್ಲ: ಹಾಲು ಒಲ್ಲೆ ಎಂದರೆ ತನ್ನ ಬಟ್ಟಲು ಬಾಯಿಗಿಟ್ಟು ಸುಳ್ಳೇ ಸೊರ್ ಎನ್ನಿಸುವುದು. ತಾಯಿ ಸತ್ತ ಮೇಲೆ ಅವನನ್ನು ಎತ್ತಿಕೊಂಡವಳು ಈ ದೊಡ್ಡಪ್ಪನ ಹೆಂಡತಿ. ಹೊಲದಲ್ಲಿ ಆಡುತ್ತಿದ್ದವನನ್ನು ಹೊತ್ತು ಮುಳುಗುವುದರೊಳಗೆ ಉಣ್ಣಿಸಬೇಕೆಂದು ಬದುವಿನ ಮೇಲೆ ಓಡೋಡಿ ಬರುತ್ತಿದ್ದಳು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯನ್ನು ಸೂರ್ಯನನ್ನು ತಡೆದು ನಿಲ್ಲಿಸುವವಳಂತೆ ಮೇಲೆತ್ತಿ. ಅವನು ಬೇಕಂತಲೇ ಜೋಳದ ಸಾಲಿನಲ್ಲಿ ಅಡಗುತ್ತಿದ್ದ. ಒಂದು ದಿನ ಹೊತ್ತು ಮುಳುಗಿಯೇ ಹೋಯಿತು; ಅವನು ಹಸಿದು ಮಲಗಬೇಕಾಯಿತು, ಅವಳೂ ಉಣ್ಣಲಿಲ್ಲ. ಈಗ ಅವಳು ನೀರು ಮುಟ್ಟದೆ ಕೂತಿದ್ದರೆ ಅವನ ಹೊಟ್ಟೆಯಲ್ಲಿ ಎಳನೀರು ಕುಲುಕುತ್ತಿತ್ತು.

ಇವತ್ತು ನಾಲ್ಕು ಗಂಟೆಗೆ ಬರುತ್ತೇವೆ ಎಂದು ಅವನು ಆಶ್ರಯಮನೆಯ ವ್ಯವಸ್ಥಾಪಕ ಮುರಗೆಪ್ಪನಿಗೆ ಫೋನಿನಲ್ಲಿ ಹೇಳಿದ್ದ. ಹೇಳಿ, ಮಧ್ಯಾಹ್ನದ ಒಳಗೇ ತಲುಪುವಂತೆ ಹೊರಟಿದ್ದ. ಇದು ಅವನ ಉಪಾಯ, ಮತ್ತು ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡಿದವನಿಗೆ ತಪಾಸಣೆ ಕಮಿಟಿ ಎಂದರೆ ಏನೆಂದು ಗೊತ್ತಿತ್ತು. ಕಮಿಟಿ ಬರುವ ಹಿಂದಿನ ದಿನ ಕಕ್ಕಸಿಗೆ ಬೀಗ ಹಾಕಿ ಎದುರಿಗೆ ಹೂವಿನ ಕುಂಡ ಇಡಿಸಿದವನು, ಒಡೆದ ಬೆಂಚುಗಳನ್ನು ತಾಡಪತ್ರಿಯಡಿ ಮುಚ್ಚಿಸಿದವನು ಅವನೇ. ಮುಚ್ಚುವವನಿಗೇ ಹುಡುಕುವ ಜಾಗವೂ ಗೊತ್ತಿರುತ್ತದೆ ಎಂದುಕೊಂಡಿದ್ದ. ಆದರೆ ಹುಡುಕಿ ಏನು ಸಿಗಬೇಕೆಂದು ತಾನು ಬಯಸುತ್ತಿದ್ದೇನೆ ಎಂಬುದು ಮಾತ್ರ ಅವನಿಗೆ ಸ್ಪಷ್ಟವಿರಲಿಲ್ಲ. ಚಲೋ ಇದ್ದರೆ ಬಿಡಬಹುದು. ಕೆಟ್ಟದಿದ್ದರೆ, ಪ್ರಯತ್ನ ಮಾಡಿದೆ, ಆಗಲಿಲ್ಲ ಎಂದು ಮಂದಿಗೆ ಹೇಳಬಹುದು. ಎರಡರಲ್ಲೂ ಅವನ ಮಾನ ಉಳಿಯುತ್ತಿತ್ತು.

ಪುನರ್ವಸತಿ ಕೇಂದ್ರದಲ್ಲಿ ಅರ್ಧದಷ್ಟು ಮನೆಗಳಿಗೆ ಬಾಗಿಲೇ ಇರಲಿಲ್ಲ. ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗಿತ್ತು. ಹೊಸದಕ್ಕೆ ಜನ ಪೂರ್ತಿ ಬಂದಿರಲಿಲ್ಲ. ನೆಟ್ಟಗೆ ಎಳೆದ ರಸ್ತೆಗಳ ಇಕ್ಕೆಲದಲ್ಲಿ ಜಾಲಿ ಬೆಳೆದಿತ್ತು. ಕಾರಿನ ಸದ್ದಿಗೆ ಖಾಲಿ ಮನೆಯೊಂದರಿಂದ ಆಡುಗಳು ಹೊರಬಂದು ನೋಡಿದವು. ಕೊನೆಯ ಸಾಲಿನ ನಾಲ್ಕು ಮನೆಗಳ ಗೋಡೆ ಒಡೆದು ಒಂದು ಮಾಡಿ, ಮುಂದೆ ಪಡಸಾಲೆ ಇಳಿಸಿ ಆಶ್ರಯಮನೆ ಮಾಡಿದ್ದರು. ಪಡಸಾಲೆಯಲ್ಲಿ ಮುದುಕ ಮುದುಕಿಯರು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಯಾರೂ ತಲೆಯೆತ್ತಲಿಲ್ಲ. ಒಬ್ಬ ಮುದುಕಿ ಮಾತ್ರ, “ನೀರು ಎಲ್ಲಿ ಮಟ ಬಂತ್ರೀ?” ಎಂದು ಕೇಳಿದಳು. ಹಿನ್ನೀರು ಬಂದು ನಿಂತು ಹತ್ತು ವರ್ಷದ ಮೇಲಾಗಿತ್ತು. ಭೂಪಾಲ ಏನು ಹೇಳಬೇಕೋ ತಿಳಿಯದೆ, “ಇನ್ನೂ ದೂರ ಐತ್ರಿ” ಎಂದುಬಿಟ್ಟ. ಅವಳಿಗೆ ಅಷ್ಟು ಸಾಕಾಗಿತ್ತು. ಸುಳ್ಳು ಹೇಳುವುದು ಇಲ್ಲಿ ಎಷ್ಟು ಸುಲಭ, ಎಷ್ಟು ಬೇಗ ಕೈಗೂಡುತ್ತದೆ ಎಂದು ಅವನಿಗೆ ಮೈ ಜುಮ್ಮೆಂದಿತು.

ಪದ್ಮವ್ವ ಪಡಸಾಲೆಯ ಹೊರಗೇ ಚಪ್ಪಲಿ ಬಿಟ್ಟಳು. ಕೈಕಾಲು ತೊಳೆಯಬೇಕೆಂದಳು. ವ್ಯವಸ್ಥಾಪಕರು ಎಲ್ಲಿ ಎಂದು ಭೂಪಾಲ ಆಚೀಚೆ ನೋಡುವಷ್ಟರಲ್ಲಿ ಅವಳು ನೀರಿನ ಸದ್ದು ಕೇಳಿದ ಕಡೆಗೆ, ಕಟ್ಟಡದ ಬದಿಯಿಂದ ಹಿತ್ತಲಿಗೆ ನಡೆದುಬಿಟ್ಟಿದ್ದಳು. ಅವನು ಹಿಂದೆಯೇ ಓಡಿದ. ಹಿತ್ತಲಲ್ಲಿ ನೀರಿನ ಟಾಕಿ, ಅದರ ಪಕ್ಕ ಒಗೆಯುವ ಹಾಸುಗಲ್ಲು. ಕಲ್ಲಿನ ಮೇಲೆ ಒಬ್ಬ ಮುದುಕ ಬಿಸಿಲಿಗೆ ಕೂತಿದ್ದ. ಮೈಮೇಲೆ ಒಂದು ಎಳೆ ನೂಲಿರಲಿಲ್ಲ. ತಲೆ ನುಣ್ಣಗೆ ಬೋಳಿಸಿತ್ತು. ಬೆನ್ನು ನೆಟ್ಟಗೆ, ಕಾಲು ಮಡಿಸಿ, ತೊಡೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿದ್ದ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ತಂಬಿಗೆ. ಜಳಕ ಮಾಡಿಸಿ, ಒಣಗಲಿ ಎಂದು ಕೂರಿಸಿ, ಯಾರೋ ಇನ್ನಾವುದೋ ಕೆಲಸಕ್ಕೆ ಹೋಗಿ ಮರೆತಿದ್ದರು. ಅಷ್ಟು ಹೊತ್ತಿಗೆ ಮೈಯ ನೀರೆಲ್ಲ ಆರಿ ಹೆಗಲು ಕೆಂಪೇರಿತ್ತು. ಸಿಕ್ಕಿತು, ಎಂದುಕೊಂಡ ಭೂಪಾಲ. ಕಮಿಟಿಯವನಿಗೆ ಬೇಕಾದ್ದು ಸಿಕ್ಕಿತು. ಆದರೆ ಅವನಿಗಿಂತ ಮೊದಲು ಪದ್ಮವ್ವ ನೋಡಿದ್ದಳು.

“ನಮೋಸ್ತು” ಎಂದಳು. ದನಿ ಒಡೆದಿತ್ತು. “ನಮೋಸ್ತು ಮಹಾರಾಜ, ನಮೋಸ್ತು.” ಬಿಸಿ ನೆಲದ ಮೇಲೆ ಮೊಣಕಾಲೂರಿ ಹಣೆ ಹಚ್ಚಿದಳು. ಸೆರಗಿನ ಗಂಟು ಬಿಚ್ಚಿ ಅಕ್ಕಿಯನ್ನು ಕಲ್ಲಿನ ಮುಂದೆ ಸಣ್ಣ ಸಣ್ಣ ರಾಶಿ ಮಾಡಿ ಇಟ್ಟಳು. ಎದ್ದು ಕಲ್ಲಿನ ಸುತ್ತ ಪ್ರದಕ್ಷಿಣೆ ಬಂದಳು. ಭೂಪಾಲ ನಿಂತಲ್ಲೇ ನಿಂತ. ಅವನೂ ಚಿಕ್ಕಂದಿನಲ್ಲಿ ಅವಳ ಸೆರಗು ಹಿಡಿದು ಎಷ್ಟೋ ಮುನಿಗಳನ್ನು ಕಂಡವನು. ದಿಗಂಬರ ಮುನಿ ಊರಿಗೆ ಬಂದರೆ ಅವಳ ಅಡುಗೆಮನೆ ಬೆಳಗಿನ ಜಾವಕ್ಕೇ ಎಚ್ಚರಾಗುತ್ತಿತ್ತು. ಬೆತ್ತಲೆ ಮೈ ಕಂಡು ಅವನಿಗೆ ಎಂದೂ ನಗೆ ಬಂದಿರಲಿಲ್ಲ. ಬಟ್ಟೆ ಎಂಬುದೇ ತನಗೆ ಅಂಟಿದ ಕೊಳೆ ಅನ್ನಿಸುತ್ತಿತ್ತು. ಈಗಲೂ ಒಂದು ಉಸಿರಿನಷ್ಟು ಹೊತ್ತು ಅವನ ಕೈಗಳು ತಾವಾಗಿ ಕೂಡಿಕೊಂಡವು. ನಿಜವಾಗಿ ಮುನಿಯೇ ಇದ್ದರೆ? ಹಾಗೆ ಯೋಚಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಜೋಡಿಸಿದ ಕೈ ಬಿಟ್ಟ.

ಒಳಗಿನಿಂದ ಮುರಗೆಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. ಅವನ ಹಿಂದೆ ಆರೈಕೆಯ ಹೆಂಗಸು ಅನಸವ್ವ. “ನಾಕಕ್ಕ ಬರ್ತೇನಿ ಅಂದಿದ್ರೆಲ್ಲ ಸಾಹೇಬ್ರ! ಈಗರ ಜಳಕಾ ಮಾಡಿಸೀವ್ರಿ, ಈಗರ. ಲೇ ಅನಸವ್ವ, ಧೋತರಾ ತಾ, ಲಗೂನ” ಎಂದ. ಅನಸವ್ವ ತಂತಿಯ ಮೇಲಿನ ಧೋತರ ಎಳೆದುಕೊಂಡು ಬಂದು ಮುದುಕನ ಹೆಗಲ ಮೇಲೆ ಹಾಕಲು ಹೋದಳು. ಪದ್ಮವ್ವ ಚೀರಿದಳು. “ಉಪಸರ್ಗಾ ಮಾಡಬ್ಯಾಡ್ರೇ, ತಪಕ್ಕ ಕಾಟಾ ಕೊಡಬ್ಯಾಡ್ರೇ! ಮುನಿ ಮ್ಯಾಲ ಅರಿವಿ ಹಾಕ್ತೀಯೇನ? ಪಾಪ ಹತ್ತೂದಿಲ್ಲೇನ ನಿನಗ?” ಎಂದು ಎರಡೂ ಕೈ ಚಾಚಿ ಅಡ್ಡ ನಿಂತಳು. ಮೈ ನಡುಗುತ್ತಿತ್ತು, ಕುಸಿಯುತ್ತಾಳೇನೋ ಎಂದು ಭೂಪಾಲ ಅವಳ ತೋಳು ಹಿಡಿದ. ತೋಳು ತಣ್ಣಗಿತ್ತು. ಬೆಳಗಿನಿಂದ ಒಂದು ಹನಿ ನೀರಿಲ್ಲ, ಗುಳಿಗೆ ಇಲ್ಲ. ಇಲ್ಲಿ ದರ್ಶನವಾಯಿತೆಂದು ಅವಳು ನಂಬಿದರೆ ಉಣ್ಣುತ್ತಾಳೆ. ಧೋತರ ಹಾಕಿದರೆ ಮುಗಿಯಿತು. ಅವನು ಅನಸವ್ವನ ಕಡೆ ಕೈ ತೋರಿಸಿ, “ಸ್ವಲ್ಪ ತಡೀರಿ. ಹಾಂಗ ಇರಲಿ” ಎಂದ. ಎಂದದ್ದು ಅವನೇ. ಮುರಗೆಪ್ಪ ಅನುಮಾನದಿಂದ ಅವನನ್ನೂ ಮುದುಕನನ್ನೂ ನೋಡಿ, “ನಿಮ್ಮ ಇಷ್ಟರಿ” ಎಂದು ಹಿಂದೆ ಸರಿದ.

ಪದ್ಮವ್ವ ತಂಬಿಗೆಯಲ್ಲಿ ನೀರು ಹಿಡಿದು ಸೆರಗಿನ ತುದಿಯಿಂದ ಸೋಸಿದಳು. ಮಹಾರಾಜರು ನೀರು ತೆಗೆದುಕೊಳ್ಳದೆ ತಾನು ತೆಗೆದುಕೊಳ್ಳುವಂತಿಲ್ಲ. ಎಲ್ಲ ಮರೆತವಳ ಬಾಯಿಂದ ಮುನಿಗಳನ್ನು ಆಹಾರಕ್ಕೆ ಕರೆಯುವ ಮಾತುಗಳು ಒಂದರ ಹಿಂದೊಂದು ತಪ್ಪಿಲ್ಲದೆ ಬಂದವು: “ಅತ್ರ ಅತ್ರ, ತಿಷ್ಠ ತಿಷ್ಠ. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ.” ವಚನಶುದ್ಧಿ ಎಂದಾಗ ಭೂಪಾಲ ಬೇರೆ ಕಡೆ ನೋಡಿದ. ಮುನಿಗಳು ನಿಂತೇ ಆಹಾರ ತೆಗೆದುಕೊಳ್ಳುವವರು, ಬೊಗಸೆಯಲ್ಲಿ. ಮುದುಕ ಏಳಲಿಲ್ಲ. “ಏಳ್ರಿ ಮಹಾರಾಜ” ಎಂದು ಅವಳು ಬೇಡಿಕೊಂಡಳು. ಮುದುಕನ ಮುಚ್ಚಿದ ರೆಪ್ಪೆಗಳು ಅದುರಿದವು, ಕತ್ತಿನ ನರ ಬಿಗಿಯಿತು, ಅಂಗೈಗಳು ಇನ್ನಷ್ಟು ಒತ್ತಿಕೊಂಡವು. “ನನ್ನ ಕಡಿಂದ ಏನೋ ದೋಷ ಆಗೇತಿ ಭೂಪಾ, ಅದಕ್ಕ ತುಗೊಳ್ಳವಲ್ರು” ಎಂದು ಪದ್ಮವ್ವ ಅಳತೊಡಗಿದಳು. ಅವಳ ಅಳು ಅವನಿಗೆ ತಡೆಯದಾಯಿತು. ಅಳುವಿಗಿಂತ ಹೆಚ್ಚಾಗಿ, ಇದು ಬೇಗ ಮುಗಿಯಲಿ ಎನ್ನಿಸಿತು. ಬಗ್ಗಿ ಮುದುಕನ ಕಿವಿಯಲ್ಲಿ, “ಅಜ್ಜಾರ, ಒಂದು ಗುಟುಕು ಕುಡೀರಿ” ಎಂದ. ಆಗ ಅವನು ಮುದುಕನ ಎರಡೂ ಮಣಿಕಟ್ಟು ಹಿಡಿದು ಕೈಗಳನ್ನು ಮೇಲೆತ್ತಿದ. ಕೈಗಳು ಸುಲಭಕ್ಕೆ ಬರಲಿಲ್ಲ. ವಯಸ್ಸಾಗಿ ಸೆಟೆದುಕೊಂಡಿವೆ ಎಂದುಕೊಂಡು ಸ್ವಲ್ಪ ಜೋರಾಗಿ ಎಳೆದ. ಬಂದವು. ಬೊಗಸೆ ಮಾಡಿ ಹಿಡಿದ. ಪದ್ಮವ್ವ ನೀರು ಹೊಯ್ದಳು. ಮುದುಕ ಕುಡಿದ, ನಿಲ್ಲಿಸದೆ, ತಂಬಿಗೆ ಬರಿದಾಗುವವರೆಗೆ ಕುಡಿದ.

ಆಮೇಲೆ ಎಲ್ಲ ಹೂವೆತ್ತಿದಂತೆ ನಡೆಯಿತು. ಪಡಸಾಲೆಯಲ್ಲಿ ಕೂತು ಪದ್ಮವ್ವ ಗುಳಿಗೆ ನುಂಗಿದಳು, ನೀರು ಕುಡಿದಳು, ಎರಡು ರೊಟ್ಟಿ ಹೆಸರುಕಾಳಿನ ಪಲ್ಯದ ಜೊತೆ ತಿಂದಳು. ಮನೆಯಲ್ಲಿ ಅರ್ಧ ರೊಟ್ಟಿಗೆ ಕ್ಷಮಾಳನ್ನು ಕಾಡಿಸುವವಳು. ಪಕ್ಕದ ಮುದುಕಿಗೆ, “ಮಹಾರಾಜರು ಇರೂತನಕಾ ನಾನೂ ಇಲ್ಲೇ ಇರ್ತೇನವ್ವ. ಸೇವಾ ಮಾಡಬೇಕು” ಎಂದಳು. ಮುರಗೆಪ್ಪ ಭೂಪಾಲನ ಪಕ್ಕಕ್ಕೆ ಸರಿದು, “ನೋಡ್ರಿ, ಹೊಂದ್ಕೊಂಡ್ರು. ಮೊದಲನೇ ದಿನಾ ಇಷ್ಟು ಹೊಂದಿಕೊಂಡಾವ್ರನ್ನ ನಾ ನೋಡಿಲ್ರಿ. ಇವತ್ತಽ ಬಿಟ್ಟು ಹೋದ್ರೂ ನಡೀತೈತಿ” ಎಂದ. ಭೂಪಾಲನ ಎದೆಯಲ್ಲಿ ಏನೋ ಹಗುರಾಯಿತು. ಅದು ಸಂತೋಷವೇ ಆಗಿತ್ತು, ಬೇರೆ ಹೆಸರು ಅದಕ್ಕಿರಲಿಲ್ಲ. ತಾನು ಬಿಡುತ್ತಿಲ್ಲ, ಅವಳೇ ಇರುತ್ತೇನೆ ಎನ್ನುತ್ತಿದ್ದಾಳೆ. ಮನೆಗೆ ಹೋಗಿ ಕ್ಷಮಾಳಿಗೆ ಹೇಳುವ ಮಾತು ಆಗಲೇ ನಾಲಿಗೆಯ ಮೇಲೆ ಕೂಡಿಕೊಳ್ಳುತ್ತಿತ್ತು. ತಾನೂ ಅವಳ ಜೊತೆ ಉಂಡಿದ್ದ ಎಂಜಲು ಕೈ ತೊಳೆಯಲು ಅವನು ಟಾಕಿಯ ಕಡೆ ಹೋದ.

ಮುದುಕ ಇನ್ನೂ ಅಲ್ಲೇ ಇದ್ದ. ಅನಸವ್ವ ಧೋತರವನ್ನು ಕಲ್ಲಿನ ತುದಿಯಲ್ಲಿ, ಅವನ ಕೈಗೆ ನಿಲುಕದಷ್ಟು ದೂರದಲ್ಲಿ ಇಟ್ಟು ಬಡಿಸಲು ಹೋಗಿದ್ದಳು. ಹಾಂಗ ಇರಲಿ ಎಂದವನು ಆ ಮಾತನ್ನು ವಾಪಸು ತೆಗೆದುಕೊಂಡಿರಲಿಲ್ಲ. ಅಂಗೈ ಮೇಲೆ ಅಂಗೈ ಮತ್ತೆ ತೊಡೆಯ ನಡುವೆ ಸೇರಿತ್ತು. ಈಗ ಕಣ್ಣು ತೆರೆದಿತ್ತು.

“ತಮ್ಮಾ” ಎಂದ ಮುದುಕ, “ಆ ಹೆಣ್ಮಗಳು ಹೋದಳೇನು?”

“ಊಟಾ ಮಾಡಾಕತ್ತಾಳ್ರಿ” ಎಂದ ಭೂಪಾಲ.

“ಹಂಗಾರ ನನ್ನ ಧೋತರಾ ಕೊಡು.” ಮುದುಕ ಮೆಲ್ಲಗೆ ಹೇಳಿದ: “ಏಳು ಏಳು ಅಂದಳು. ಹೆಣ್ಮಗಳ ಮುಂದ ಹ್ಯಾಂಗ ಏಳೂದು? ಮುಚ್ಚಾಕ ಕೈಯಷ್ಟ ಇದ್ದೂ. ಅವನ್ನೂ ನೀ ಹಿಡದ ತಗದಿ.”

ಬಯ್ಯುವ ದನಿ ಅಲ್ಲ. ನಡೆದದ್ದನ್ನು ಹೇಳುವ ದನಿ. ಭೂಪಾಲನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಮಣಿಕಟ್ಟುಗಳು ಎಷ್ಟು ಬಲವಾಗಿ ತಡೆದಿದ್ದವು ಎಂಬುದು ಅವನ ಬೆರಳುಗಳಿಗೆ ಈಗ ಗೊತ್ತಾಯಿತು. ಮುದುಕನಿಗೆ ಎಲ್ಲ ಮರೆತಿರಬಹುದು, ಊರು, ಮಕ್ಕಳು, ಹೆಸರು. ನಾಚಿಕೆ ಮರೆತಿರಲಿಲ್ಲ. ಕಣ್ಣು ಮುಚ್ಚಿದ್ದು ಅದಕ್ಕೆ, ಬೆನ್ನು ಸೆಟೆದದ್ದು ಅದಕ್ಕೆ. ನೀರಡಿಕೆ ಗೆದ್ದಾಗಲೂ ಕಣ್ಣು ತೆರೆದಿರಲಿಲ್ಲ. ಭೂಪಾಲ ಧೋತರ ಬಿಡಿಸಿ, ಮುದುಕನನ್ನು ತೋಳಿನಲ್ಲಿ ಆತು ನಿಲ್ಲಿಸಿ, ಸುತ್ತಿ ಗಂಟು ಹಾಕಿದ. ಗಂಟು ಎರಡು ಸಲ ಜಾರಿತು. ಇನ್ನೊಬ್ಬರ ಮೈಗೆ ಬಟ್ಟೆ ಉಡಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಮನೆಯಲ್ಲಿ ಮೂರು ವರ್ಷದಿಂದ ಆ ಕೆಲಸವೆಲ್ಲ ಕ್ಷಮಾಳದು. ಪದ್ಮವ್ವ ಈ ಕಲ್ಲಿನ ಮೇಲೆ ಕೂತ ಚಿತ್ರ ಅವನ ಕಣ್ಣಿಗೆ ಬಂತು. ಅವಳ ಕೈಗಳು ಸಣ್ಣವು. ಅವು ಎಷ್ಟನ್ನು ಮುಚ್ಚಿಯಾವು? ಹೆಣ್ಣುಮಕ್ಕಳನ್ನು ಒಳಗೆ ಜಳಕ ಮಾಡಿಸುತ್ತಾರೆ, ಹೀಗಾಗುವುದಿಲ್ಲ ಎಂದು ಸಮಾಧಾನ ಹೇಳಿಕೊಂಡ. ಆ ಸಮಾಧಾನ ನಿಲ್ಲಲಿಲ್ಲ.

ಅಷ್ಟರಲ್ಲಿ ಪದ್ಮವ್ವ ಬಾಯಿ ಒರೆಸಿಕೊಳ್ಳುತ್ತ ಬಂದಳು. ಧೋತರ ಉಟ್ಟ ಮುದುಕನನ್ನು ದಾಟಿ ಕಲ್ಲನ್ನು ನೋಡಿದಳು. “ಮಹಾರಾಜರು ಎಲ್ಲೋ?” ಎಂದಳು. “ಮುಂದಿನ ಊರಿಗೆ ವಿಹಾರಕ್ಕ ಹೋದ್ರು ದೊಡ್ಡವ್ವ. ನಡಿ, ನಾವೂ ಹೋಗೂಣು.” “ತಿರಗಿ ಬರ್ತಾರ. ನಾ ಇಲ್ಲೇ ಕೂಡ್ರತೇನಿ.” ಅವಳು ಕಲ್ಲಿನ ಮೇಲೆ ಕೂತೇಬಿಟ್ಟಳು. ಅವನು ಒಲಿಸಿದ, ಗದರಿಸಿದ. ಕೊನೆಗೆ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಅವಳು ಕೂಗಿದಳು, ಅವನ ಮುಖ ಪರಚಿದಳು. ಪಡಸಾಲೆಯ ಸಾಲು ಮೊದಲ ಬಾರಿಗೆ ತಲೆಯೆತ್ತಿ ನೋಡಿತು. ಒಲ್ಲೆ ಒಲ್ಲೆ ಎನ್ನುವವರನ್ನು ಇಲ್ಲಿ ಬಿಟ್ಟು ಹೋದದ್ದನ್ನು ಅವರು ನೋಡಿದ್ದರು. ಇರುತ್ತೇನೆ ಎನ್ನುವವಳನ್ನು ಎಳೆದೊಯ್ಯುವವನನ್ನು ನೋಡಿರಲಿಲ್ಲ. “ಯಾಕ್ರಿ ಸಾಹೇಬ್ರ, ಏನ ಕಮ್ಮಿ ಆತು?” ಎಂದು ಮುರಗೆಪ್ಪ ಕಾರಿನವರೆಗೂ ಬಂದ. ಆ ಮುದುಕನ ಮಾತು ಹೇಳಬೇಕಿತ್ತು. ಹೇಳಿದರೆ, ನೀವೇ ತಡೀರಿ ಅಂದ್ರೆಲ್ಲ ಎನ್ನುತ್ತಾನೆ. “ಫೋನ್ ಮಾಡ್ತೇನ್ರಿ” ಎಂದಷ್ಟೇ ಹೇಳಿ ಭೂಪಾಲ ಬಾಗಿಲು ಹಾಕಿಕೊಂಡ.

ಬೀಳಗಿ ಸಮೀಪಿಸುವಾಗ ಕ್ಷಮಾ ಫೋನ್ ಮಾಡಿದಳು. “ಹ್ಯಾಂಗ ಐತ್ರಿ?” ಎಂದಳು. “ಕರಕೊಂಡ ಬರಾಕತ್ತೇನಿ” ಎಂದ. ಆ ಕಡೆ ಪಾತ್ರೆ ಇಳಿಸಿದ ಸದ್ದಾಯಿತು. “ನಾಳಿಂದ ಜಳಕಾ ನಾ ಮಾಡಸ್ತೇನಿ” ಎಂದ. “ನೀವು?” ಎಂದಳು. ನಗಲಿಲ್ಲ, ಅಳಲಿಲ್ಲ. “ಹೊತ್ತು ಮುಳಗೂದರಾಗ ಬರ್ರಿ, ಉಣ್ಣಬೇಕ ಅವರು” ಎಂದು ಇಟ್ಟುಬಿಟ್ಟಳು.

ಪದ್ಮವ್ವನ ಅಳು ನಿಂತಿತ್ತು. ಕಿಟಕಿಗೆ ಅಂಟಿ ಕೂತು ಅವನನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು, ಪರಸ್ಥಳದ ಬಸ್ಸಿನಲ್ಲಿ ಪಕ್ಕ ಕೂತ ಗಂಡಸನ್ನು ನೋಡುವಂತೆ.

“ನೀವು ಯಾರ್ರಿ?” ಎಂದಳು, ಹೆದರಿದ ಮರ್ಯಾದೆಯ ದನಿಯಲ್ಲಿ. “ನನ್ನ ಇಲ್ಲೇ ಇಳಿಸ್ರಿ. ನಮ್ಮ ಭೂಪಾಲ ಬಸದ್ಯಾಗ ಬಿಟ್ಟು ಹೋಗ್ಯಾನ. ಕರಕೊಂಡು ಹೋಗಾಕ ಬರ್ತಾನ. ನಾ ಕಾಣಲಿಲ್ಲಂದ್ರ ಗಾಬರಿ ಆಗ್ತಾನ.”

ಭೂಪಾಲನಿಗೆ ರಸ್ತೆ ಮಂಜಾಯಿತು. ಕಾರನ್ನು ಬದಿಗೆ ತೆಗೆದು ನಿಲ್ಲಿಸಿದ. ಮುಖದ ಮೇಲಿನ ಗೀರು ಉರಿಯುತ್ತಿತ್ತು.

“ಅವನಽ ನನ್ನ ಕಳಿಸ್ಯಾನ್ರಿ” ಎಂದ. “ಮನಿಗಿ ಕರಕೊಂಡ ಬಾ ಅಂದಾನ.”

“ಖರೇನ್ರಿ?”

“ಖರೇನ.”

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. “ಹಂಗಾರ ನಡೀರಿ” ಎಂದಳು. “ಅಂವ ಸುಳ್ಳ ಹೇಳಾಂವಲ್ಲ.”